ನೊರೆಯಣ್ಣ ತೊಳೆದ ಪಂಜರ

ಹೆದರಿಕೊಳ್ಳುವುದರಲ್ಲಿ ನೊರೆಯಣ್ಣನನ್ನು ಮೀರಿಸುವವರು ಆ ಬೀದಿಯಲ್ಲಿ ಇನ್ನೊಬ್ಬರಿರಲಿಲ್ಲ. ಬೊಗಳುವ ನಾಯಿಗೆ ಯಾರಾದರೂ ಹೆದರುತ್ತಾರೆ, ಅದರಲ್ಲೇನು ಹೆಚ್ಚುಗಾರಿಕೆ? ಇವನು ಸುಮ್ಮನೆ ಮಲಗಿದ ನಾಯಿಗೂ ಹೆದರುತ್ತಿದ್ದ, ಯಾಕೆ ಸುಮ್ಮನಿದೆಯೋ ಎಂದು. ಫೋನ್ ಬಂದರೆ ಯಾರಿಗೆ ಏನಾಯಿತೋ ಎಂದು ಎದೆ ಹೊಡೆದುಕೊಳ್ಳುತ್ತಿತ್ತು. ಬಾರದಿದ್ದರೆ, ಏನೋ ಆಗಿದೆ, ನನಗೆ ಹೇಳುತ್ತಿಲ್ಲ ಎಂದು. ಲಿಫ್ಟಿನ ಬಾಗಿಲು ಒಮ್ಮೆ ಮುಚ್ಚಿದರೆ ಮತ್ತೆ ತೆರೆಯುತ್ತದೆಂಬ ನಂಬಿಕೆ ಅವನಿಗೆ ಯಾವತ್ತೂ ಬರಲಿಲ್ಲ, ಹಾಗಾಗಿ ಜೀವಮಾನವೆಲ್ಲ ಮೆಟ್ಟಿಲು ಹತ್ತಿದ. ಎಲ್ಲಕ್ಕಿಂತ ಹೆಚ್ಚಾಗಿ ಅವನು ಹೆದರುತ್ತಿದ್ದದ್ದು ಜಗಳಕ್ಕೆ. ಪಕ್ಕದ ಮನೆಯಲ್ಲಿ ಗಂಡಹೆಂಡಿರು ದನಿ ಏರಿಸಿದರೆ ಇವನು ತನ್ನ ಮನೆಯ ರೇಡಿಯೋ ಆರಿಸಿ, ತಪ್ಪೆಲ್ಲ ತನ್ನದೇ ಎನ್ನುವಂತೆ ಮೂಲೆ ಹಿಡಿದು ಕೂರುತ್ತಿದ್ದ. ಇಂಥವನ ಪಾಲಿಗೇ ಬರಬೇಕೇ ಆ ಎರಡು ಪ್ರಾಣಿಗಳ ಪಂಚಾಯಿತಿ? ಹೆದರುವವರ ಮೇಲೆ ಹಾವು ಎಸೆದರು ಎನ್ನುತ್ತಾರಲ್ಲ, ಹಾಗಾಯಿತು.

ಡ್ರೈಕ್ಲೀನಿಂಗ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಕಲೆ ತೆಗೆಯುವ ಮೇಜು ಅವನದು. ನೊರೆಯಣ್ಣ ಎಂಬ ಹೆಸರು ಬಂದದ್ದೂ ಅಲ್ಲಿಂದಲೇ. ಆ ಮೇಜಿನ ಮುಂದೆ ನಿಂತಾಗ ಮಾತ್ರ ಅವನು ಬೇರೆಯೇ ಮನುಷ್ಯ. ರಕ್ತಕ್ಕೆ ತಣ್ಣೀರು, ಎಣ್ಣೆಗೆ ಬಟ್ಟೆಯ ಹಿಂಬದಿಯಿಂದ ಔಷಧಿ, ಶಾಯಿಗೆ ತಾಳ್ಮೆ. ಯಾವ ಕಲೆಯಾದರೂ ಅಂಚಿನಿಂದ ನಡುವಿಗೆ ಬರಬೇಕು, ನಡುವಿನಿಂದ ಹೊರಟರೆ ಅದು ಊರೆಲ್ಲ ಹರಡುತ್ತದೆ. ಕೊನೆಯ ಪರೀಕ್ಷೆ ಮೂಗಿನದು. ಒಣಗಿದ ಬಟ್ಟೆಯನ್ನು ಮುಖಕ್ಕೆ ಹಿಡಿದು ಉಸಿರೆಳೆಯುತ್ತಿದ್ದ. ಬೆವರು, ಸಿಗರೇಟು, ಸೆಂಟು, ಅಡುಗೆಮನೆ, ಯಾವುದರ ವಾಸನೆಯೂ ಬರಬಾರದು. ತೊಟ್ಟವರ ಸುಳಿವೇ ಇರಬಾರದು, ಅದೇ ಕೆಲಸ ಎಂದು ಹೊಸದಾಗಿ ಸೇರಿದವರಿಗೆ ಹೇಳಿಕೊಡುತ್ತಿದ್ದ. ಮಾಲೀಕರು ಕೂಡ ಅವನ ಮೂಗಿನ ಮಾತಿಗೆ ಎದುರಾಡುತ್ತಿರಲಿಲ್ಲ.

ಐವತ್ತು ದಾಟಿದ ಮೇಲೆ ಅವನಿಗೆ ಮದುವೆಯಾಯಿತು. ಆಯಿತು ಎನ್ನುವುದೇ ಸರಿ, ಅವನಾಗಿ ಮಾಡಿಕೊಂಡದ್ದೇನೂ ಇಲ್ಲ. ಅದೇ ಅಂಗಡಿಯ ಮುಂಭಾಗದಲ್ಲಿ ಕೂತು ಹರಿದದ್ದನ್ನು ಹೊಲಿದುಕೊಡುವ ಹೆಂಗಸು, ಗಂಡನನ್ನು ಕಳೆದುಕೊಂಡವಳು, ಒಂದು ಮಧ್ಯಾಹ್ನ ಊಟದ ಡಬ್ಬಿಯ ಮುಚ್ಚಳ ಒತ್ತುತ್ತಾ, "ನನಗೆ ಜೋರು ಮಾತು ಆಗಲ್ಲ. ನಿಮಗೆ ಮಾತೇ ಆಗಲ್ಲ. ನಮ್ಮಿಬ್ಬರದು ನಡೆಯುತ್ತೆ ಬಿಡಿ" ಎಂದಳು. ನೊರೆಯಣ್ಣ ಗಾಬರಿಯಲ್ಲಿ ತಲೆಯಾಡಿಸಿದ. ಅದು ಒಪ್ಪಿಗೆ ಎಂದಾಯಿತು. ಅವಳು ಅವನ ಮನೆಗೆ ಬಂದಳು, ಅವಳ ಜೊತೆಗೆ ಐದನೇ ಕ್ಲಾಸಿನ ಮಗಳು ಬಂದಳು, ಮಗಳ ಜೊತೆಗೆ ಆಳೆತ್ತರದ ಒಂದು ಪಂಜರ ಬಂತು, ಪಂಜರದೊಳಗೆ ಎರಡು ಡೆಗು ಬಂದವು.

ಡೆಗು ಎಂದರೆ ದೂರದ ಯಾವುದೋ ಬೆಟ್ಟಸೀಮೆಯ ಪ್ರಾಣಿಯಂತೆ. ಇಲಿಗಿಂತ ದೊಡ್ಡದು, ಅಳಿಲಿಗಿಂತ ದುಂಡಗೆ, ಬಾಲದ ತುದಿಯಲ್ಲಿ ಒಂದು ಕಪ್ಪು ಕುಚ್ಚು, ಬಾಯಿ ತೆರೆದರೆ ಕಿತ್ತಳೆ ಬಣ್ಣದ ಹಲ್ಲು. ಆ ಹಲ್ಲು ಕಂಡೇ ನೊರೆಯಣ್ಣ ಗೋಡೆಗೆ ಒತ್ತಿ ನಿಂತಿದ್ದ. ಎರಡೂ ಗಂಡು, ಒಂದೇ ಸೂಲಿನ ಅಣ್ಣತಮ್ಮಂದಿರು. ಹುಡುಗಿ ಅವಕ್ಕೆ ಸಾಹೇಬ, ಗುಮಾಸ್ತ ಎಂದು ಹೆಸರಿಟ್ಟಿದ್ದಳು. ಸಾಹೇಬ ಮೇಲಿನ ಹಲಗೆಯಲ್ಲಿ ಹೊಟ್ಟೆ ಬಿಟ್ಟುಕೊಂಡು ಕೂರುವವನು. ಗುಮಾಸ್ತ ಹುಲ್ಲು ಹೊತ್ತು ತಂದು, ಗೂಡು ಸರಿಮಾಡಿ, ಆಮೇಲೆ ಸಾಹೇಬನ ಕಿವಿಯ ಹಿಂದೆ ಹಲ್ಲಿನಿಂದ ಮೆಲ್ಲಗೆ ಬಾಚುವವನು. ಬಾಚುವಾಗ ಇಬ್ಬರೂ ಹಕ್ಕಿಗಳ ಹಾಗೆ ಸಣ್ಣ ದನಿಯಲ್ಲಿ ಗುಲುಗುಲು ಎನ್ನುತ್ತಿದ್ದರು. ಹುಡುಗಿ ಅದನ್ನು ಹಾಡೋದು ಎನ್ನುತ್ತಿದ್ದಳು. ನೊರೆಯಣ್ಣ ಬಾಗಿಲಾಚೆ ನಿಂತು ಕೇಳಿಸಿಕೊಳ್ಳುತ್ತಿದ್ದ, ಕೋಣೆಯೊಳಗೆ ಕಾಲಿಡುತ್ತಿರಲಿಲ್ಲ.

ಹುಡುಗಿ ಅವನನ್ನು ಏನೆಂದೂ ಕರೆಯುತ್ತಿರಲಿಲ್ಲ. ಅಪ್ಪ ಎನ್ನುವುದಂತೂ ದೂರದ ಮಾತು, ಅಂಕಲ್ ಎಂದೂ ಇಲ್ಲ. ಏನಾದರೂ ಬೇಕಾದರೆ ಎದುರಿಗೆ ಬಂದು ನಿಂತು ಕೆಮ್ಮುವಳು. ಅವಳಿಗೊಬ್ಬಳು ದೊಡ್ಡಮ್ಮ, ತಾಯಿಯ ಅಕ್ಕ. ಮಕ್ಕಳಿಲ್ಲ, ದೊಡ್ಡ ಮನೆ, ಹುಡುಗಿ ಎಂದರೆ ಪಂಚಪ್ರಾಣ. ಡೆಗುಗಳನ್ನು ಕೊಡಿಸಿದವಳೂ ಅವಳೇ. ಈ ಮದುವೆಯಾದಾಗಿನಿಂದ ಅವಳದು ಒಂದೇ ರಾಗ: ಮಗುವನ್ನು ನನ್ನ ಹತ್ತಿರ ಬಿಡು, ಇಲ್ಲೇ ಓದಲಿ, ನೀವಿಬ್ಬರೂ ನಿಮ್ಮ ಹೊಸ ಸಂಸಾರ ನೋಡಿಕೊಳ್ಳಿ. ಹುಡುಗಿ ಹೂಂ ಎಂದಿರಲಿಲ್ಲ, ಊಹೂಂ ಎಂದೂ ಇರಲಿಲ್ಲ. ಆ ಮಾತು ಬಂದಾಗಲೆಲ್ಲ ಹೆಂಡತಿ ಸೂಜಿಗೆ ದಾರ ಪೋಣಿಸಲಾರದೆ ಒದ್ದಾಡುವುದನ್ನು ನೊರೆಯಣ್ಣ ಕಂಡಿದ್ದ. ಹುಡುಗಿ ಹೋದರೆ ಇವಳು ಈ ಮನೆಯಲ್ಲಿ ಇದ್ದೂ ಇರುವುದಿಲ್ಲ, ಅಷ್ಟು ಅವನಿಗೆ ಗೊತ್ತಿತ್ತು.

ಶಾಲೆಗೆ ರಜೆ ಬಂತು. ತಾಯಿ ಮಗಳು ದೊಡ್ಡಮ್ಮನ ಮನೆಗೆ ಹೊರಟರು. ಅಂಗಡಿಯಲ್ಲಿ ಮೈಮುರಿಯುವ ಕೆಲಸ, ನೊರೆಯಣ್ಣ ಉಳಿದ. ಪ್ರಾಣಿಗಳನ್ನು ಬಸ್ಸಿನಲ್ಲಿ ಅಷ್ಟು ದೂರ ಒಯ್ಯುವ ಹಾಗಿರಲಿಲ್ಲ. ಹೊರಡುವ ಮೊದಲು ಹುಡುಗಿ ಎದುರಿಗೆ ಬಂದು ಕೆಮ್ಮಿದಳು. ನೀರು ಬದಲಿಸಬೇಕು, ಹುಲ್ಲು ಹಾಕಬೇಕು, ಕಾಳು ಒಂದು ಹಿಡಿ, ಸಿಹಿ ಏನೂ ಕೊಡಬಾರದು. ಬಾಲ ಮಾತ್ರ ಹಿಡಿಯಬಾರದು, ಹಿಡಿದರೆ ಚರ್ಮ ಸುಲಿದು ಕೈಗೇ ಬಂದುಬಿಡುತ್ತದೆ. ಆಮೇಲೆ ಅಡುಗೆಮನೆಯಲ್ಲಿ ಅವಳು ತಾಯಿಗೆ ಹೇಳಿದ ಮಾತೂ ಅವನ ಕಿವಿಗೆ ಬಿತ್ತು.

"ಅವಕ್ಕೆ ಏನಾದ್ರೂ ಆದ್ರೆ ನಾನು ದೊಡ್ಡಮ್ಮನ ಮನೇಲೇ ಇದ್ದುಬಿಡ್ತೀನಿ, ನೋಡು."

ನೀರು, ಹುಲ್ಲು, ಕಾಳು, ಅಷ್ಟು ಮಾಡಿಕೊಂಡು ತೆಪ್ಪಗಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಹೆದರುಪುಕ್ಕಲರಿಗೆ ಒಂದು ರೋಗವಿದೆ. ಹೇಳಿದ್ದಕ್ಕಿಂತ ಹೆಚ್ಚು ಮಾಡಿಟ್ಟರೆ ಬೈಸಿಕೊಳ್ಳುವುದು ತಪ್ಪುತ್ತದೆ ಎಂದುಕೊಳ್ಳುತ್ತಾರೆ. ಅಂಗಡಿಗೆ ರಜೆಯಿದ್ದ ಬೆಳಿಗ್ಗೆ ನೊರೆಯಣ್ಣ ಪಂಜರದ ಮುಂದೆ ನಿಂತು ನೋಡಿದ. ಹಲಗೆಗಳು ಉಚ್ಚೆಯಿಂದ ಹಳದಿಗಟ್ಟಿದ್ದವು. ಮರದ ಗೂಡಿನ ಬಾಯಿ ಇಬ್ಬರ ಮೈ ಉಜ್ಜಿ ಉಜ್ಜಿ ಕಪ್ಪಗೆ ಜಿಡ್ಡಾಗಿತ್ತು. ಅವರು ಹೊರಳಾಡಿ ಮೈ ತೊಳೆದುಕೊಳ್ಳುವ ಮರಳಿನ ಬೋಗುಣಿಯಿಂದ ಒಂದು ಗಮಲು ಏಳುತ್ತಿತ್ತು. ಹುಡುಗಿ ಬರುವಷ್ಟರಲ್ಲಿ ಇದನ್ನು ಲಕಲಕ ಮಾಡಿಡಬೇಕು, ಅವಳು ನಗದಿದ್ದರೂ ಒಮ್ಮೆ ಇತ್ತ ತಿರುಗಿಯಾದರೂ ನೋಡಿಯಾಳು ಎಂದುಕೊಂಡ.

ಕಾಳಿನ ಆಸೆ ತೋರಿಸಿ ಇಬ್ಬರನ್ನೂ ಮುಚ್ಚಳವಿದ್ದ ಪೆಟ್ಟಿಗೆಗೆ ಇಳಿಸಿದ. ಆಮೇಲೆ ನೋಡಬೇಕಿತ್ತು ಅವನ ಕೈಚಳಕ. ಹಲಗೆಗಳನ್ನು ಕುದಿನೀರಿಗೆ ಹಾಕಿ, ಅಂಗಡಿಯಿಂದ ತಂದ ಔಷಧಿ ಬಳಿದು, ಅಂಚಿನಿಂದ ನಡುವಿಗೆ ಉಜ್ಜಿದ. ಗೂಡನ್ನು ತೊಳೆದು ಬಿಸಿಲಿಗಿಟ್ಟ. ಓಡುವ ಚಕ್ರ ಬಿಚ್ಚಿ ಹಲ್ಲುಜ್ಜುವ ಬ್ರಷ್ಷಿನಿಂದ ಸಂದಿಗೊಂದಿ ತಿಕ್ಕಿದ. ಹಳೆಯ ಮರಳು ಸುರಿದು ಹೊಸದು ತುಂಬಿದ. ಒಂದೊಂದನ್ನೂ ಮೂಗಿಗೆ ಹಿಡಿದು ನೋಡಿದ, ಎಲ್ಲವೂ ಪಾಸು. ಪೆಟ್ಟಿಗೆ ತೆರೆದರೆ ಗುಮಾಸ್ತನ ಬೆನ್ನ ಮೇಲೊಂದು ಹಳದಿ ಕಲೆ ಕಣ್ಣಿಗೆ ಬಿತ್ತು. ಕಲೆ ಕಂಡರೆ ಬಿಡುವ ಕೈಯಲ್ಲ ಅದು. ಜೀವಮಾನದಲ್ಲಿ ಮೊದಲ ಸಲ ಆ ಪ್ರಾಣಿಯನ್ನು ಮುಟ್ಟಿದ. ಟವೆಲಿನಲ್ಲಿ ಸುತ್ತಿ, ಮುಖ ಆ ಕಡೆ ತಿರುಗಿಸಿಕೊಂಡು, ನೀರು ಬೆರೆಸಿದ ಔಷಧಿಯಿಂದ ಬೆನ್ನು ಒರೆಸಿ, ಮತ್ತೆ ಬರೀ ನೀರಿನಿಂದ ಒರೆಸಿ ಒಣಗಿಸಿದ. ಟವೆಲಿನೊಳಗೆ ಬಡಿದುಕೊಳ್ಳುತ್ತಿದ್ದದ್ದು ಗುಮಾಸ್ತನ ಎದೆಯೋ ತನ್ನದೋ ಅವನಿಗೆ ತಿಳಿಯಲಿಲ್ಲ. ಕೊನೆಗೆ ಗುಮಾಸ್ತನನ್ನೂ ಮೂಸಿದ. ಅವನೂ ಪಾಸಾದ.

ಮೊದಲು ಸಾಹೇಬನನ್ನು ಪಂಜರಕ್ಕೆ ಬಿಟ್ಟ. ಸಾಹೇಬ ಮೇಲಿನ ಹಲಗೆಗೆ ಹತ್ತಿದ, ಮೂಸಿದ, ಇಳಿದ, ಮತ್ತೆ ಹತ್ತಿದ. ತನ್ನ ಮನೆಗೇ ಬಂದು ಬಾಗಿಲು ಯಾವ ಕಡೆಗಿತ್ತು ಎಂದು ಹುಡುಕುವವನ ಹಾಗಿತ್ತು. ಆಮೇಲೆ ಗುಮಾಸ್ತ ಒಳಗೆ ಹೋದ. ಸಾಹೇಬ ಹತ್ತಿರ ಬಂದು ಮೂಗು ಚಾಚಿ ಅವನ ಬೆನ್ನು ಮೂಸಿ ಗಕ್ಕನೆ ನಿಂತ. ಮೈಮೇಲಿನ ಕೂದಲೆಲ್ಲ ನಿಮಿರಿತು. ಬಾಲ ಹಲಗೆಯ ಮೇಲೆ ಪಟಪಟ ಬಡಿಯತೊಡಗಿತು. ಆಮೇಲೊಂದು ಸದ್ದು ಬಂತು, ಹಲ್ಲಿಗೆ ಹಲ್ಲು ಕುಟ್ಟುವ ಕಟಕಟ. ನೊರೆಯಣ್ಣ ಆ ಸದ್ದನ್ನು ಅಲ್ಲಿಯವರೆಗೆ ಕೇಳಿರಲಿಲ್ಲ, ಆದರೂ ಅದರ ಅರ್ಥವನ್ನು ಅವನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಇಬ್ಬರೂ ಹಿಂಗಾಲ ಮೇಲೆ ಎದ್ದು ನಿಂತು ಮುಂಗಾಲಿನಿಂದ ಒಬ್ಬರನ್ನೊಬ್ಬರು ನೂಕಿದರು. ಮರುಕ್ಷಣ ಇಬ್ಬರು ಎನ್ನುವುದೇ ಉಳಿಯಲಿಲ್ಲ. ಒಂದು ಕಂದು ಉಂಡೆ ಕಿರುಚುತ್ತಾ ಪಂಜರದ ತುಂಬ ಉರುಳಾಡಿತು. ಕೂದಲು ಹಾರಿತು. ಈಗಷ್ಟೇ ಉಜ್ಜಿದ ಹಲಗೆಯ ಮೇಲೆ ರಕ್ತದ ಹನಿ ಬಿತ್ತು. ನೊರೆಯಣ್ಣ "ಬೇಡ್ರಪ್ಪಾ, ಬೇಡ್ರೋ" ಎಂದು ದೊಡ್ಡವರಿಗೆ ಹೇಳುವಂತೆ ಗೋಗರೆದ. ಕೇಳುವವರು ಯಾರು? ಒಂದು ಸತ್ತೇ ಹೋಗುತ್ತದೆ ಎನಿಸಿದಾಗ ಏನು ಮಾಡುತ್ತಿದ್ದೇನೆಂದು ತಿಳಿಯದೆ ಬರಿಗೈಯನ್ನೇ ಆ ಉಂಡೆಯ ನಡುವೆ ತೂರಿಸಿದ. ಕಿತ್ತಳೆ ಹಲ್ಲು ಹೆಬ್ಬೆರಳಿನ ಬುಡಕ್ಕೆ ಇಳಿಯಿತು. ಕೊನೆಗೆ ಕಸ ಎತ್ತುವ ಮೊರ ಸಿಕ್ಕಿತು, ಅದನ್ನು ಇಬ್ಬರ ನಡುವೆ ಗೋಡೆಯಂತೆ ಇಳಿಬಿಟ್ಟು, ಗುಮಾಸ್ತನನ್ನು ಪೆಟ್ಟಿಗೆಗೆ ತಳ್ಳಿ ಮುಚ್ಚಳ ಹಾಕಿದ. ಗುಮಾಸ್ತನ ಒಂದು ಕಿವಿ ಹರಿದು ಜೋತಿತ್ತು. ನೊರೆಯಣ್ಣ ನಲ್ಲಿಯ ಕೆಳಗೆ ತಣ್ಣೀರಿಗೆ ಕೈಯೊಡ್ಡಿ ನಿಂತ.

ಸಂಜೆ ಫೋನ್ ಬಂತು. ಹೆಂಡತಿ ಊಟ ಆಯ್ತಾ, ಕೆಲಸ ಹೇಗಿದೆ ಎಂದೆಲ್ಲ ಕೇಳಿ ಮಗಳಿಗೆ ಕೊಟ್ಟಳು. ಹಿಂದೆ ದೊಡ್ಡಮ್ಮನ ದನಿ ಕೇಳುತ್ತಿತ್ತು, ಅಲ್ಲಿಯ ಶಾಲೆಯ ವಿಷಯ ಏನೋ. ಹುಡುಗಿ ಒಂದೇ ಮಾತು ಕೇಳಿದಳು, ಹೇಗಿದಾವೆ ಎಂದು. ನೊರೆಯಣ್ಣ ಚೆನ್ನಾಗಿವೆ ಎಂದ. ಅಂದಮೇಲೆ ಮುಗಿಯಿತಲ್ಲ, ಒಂದು ಸುಳ್ಳಿಗೆ ಹತ್ತು ಸುಳ್ಳು ಕಾವಲು. ಹಾಡ್ತಾ ಇದ್ದಾವೆ, ಉಣ್ತಾ ಇದ್ದಾವೆ, ಸಾಹೇಬ ಮೇಲೇ ಕೂತಿದ್ದಾನೆ. ಅಂದು ಅವನಿಗೆ ಊಟ ಸೇರಲಿಲ್ಲ.

ಮಾರನೆಯ ದಿನ ಬೆಳಿಗ್ಗೆಯೇ ಎರಡು ಪೆಟ್ಟಿಗೆ ಹಿಡಿದು ಪ್ರಾಣಿಗಳ ಡಾಕ್ಟರಮ್ಮನ ಮುಂದೆ ನಿಂತ. ಆಕೆ ಗುಮಾಸ್ತನ ಕಿವಿಗೆ ಔಷಧಿ ಹಚ್ಚಿದರು, ನೊರೆಯಣ್ಣನ ಕೈ ನೋಡಿ ಇದಕ್ಕೆ ಮನುಷ್ಯರ ಡಾಕ್ಟರ ಹತ್ತಿರ ಹೋಗಿ ಎಂದರು. ಪಂಜರ ಏನಾದರೂ ತೊಳೆದಿರಾ ಎಂದು ಕೇಳಿದಾಗ ನೊರೆಯಣ್ಣನಿಗೆ ಆ ಗೋಳಿನಲ್ಲೂ ಸ್ವಲ್ಪ ಹೆಮ್ಮೆಯಾಯಿತು. ಒಂದು ಚೂರು ವಾಸನೆ ಉಳಿಸಿಲ್ಲ ಎಂದ.

"ಅದೇ ಆಗಿದ್ದು" ಎಂದರು ಡಾಕ್ಟರಮ್ಮ. "ಯಾರು ತಮ್ಮೋರು, ಯಾರು ಹೊರಗಿನೋರು ಅಂತ ಇವು ತಿಳ್ಕೊಳ್ಳೋದೇ ಮೂಗಿನಿಂದ. ಅದನ್ನೇ ನೀವು ತೊಳೆದುಹಾಕಿದೀರಿ. ಈಗ ಇಬ್ಬರಿಗೂ ಮನೇಲಿ ಕಳ್ಳ ಹೊಕ್ಕ ಹಾಗಿದೆ."

ಏನು ಮಾಡಬೇಕೆಂದು ಆಕೆ ಬಿಡಿಸಿ ಹೇಳಿದರು. ಬೇರೆ ಬೇರೆ ಪಂಜರ, ಅಕ್ಕಪಕ್ಕ ಇಡಬೇಕು, ಆದರೆ ಮೂತಿಗೆ ಮೂತಿ ತಾಗಬಾರದು. ಇವನು ಹೊರಳಿದ ಮರಳು ಅವನಿಗೆ, ಅವನು ಮಲಗಿದ ಹುಲ್ಲು ಇವನಿಗೆ, ಹೀಗೆ ದಿನಾ ಅದಲುಬದಲು. ಕಟಕಟ ನಿಂತಮೇಲೆ ಇಬ್ಬರಿಗೂ ಸೇರದ ಒಂದು ಜಾಗದಲ್ಲಿ ಎದುರುಬದುರು ಬಿಡಬೇಕು. ಎದ್ದು ನಿಂತು ನೂಕಾಡಿದರೆ ಬಿಡಿ, ಅದು ಅವರ ಮಾತುಕತೆ, ನಡುವೆ ಹೋಗಬೇಡಿ. ಉಂಡೆಯಾಗಿ ಉರುಳಿದರೆ ಮಾತ್ರ ಮೊರ ಇಳಿಸಿ. ಬರಿಗೈ ಹಾಕಲೇಬೇಡಿ. ಸರಿಹೋಗುತ್ತಾವಾ ಎಂದು ನೊರೆಯಣ್ಣ ಕೇಳಿದ. ತಿಂಗಳುಗಟ್ಟಲೆ ಆಗಬಹುದು, ಕೆಲವು ಸಲ ಆಗುವುದೇ ಇಲ್ಲ ಎಂದರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಆ ದೊಣ್ಣೆ ತಾನೇ ಎಂದುಕೊಳ್ಳುತ್ತಾ ನೊರೆಯಣ್ಣ ದಾರಿಯಲ್ಲಿ ಇನ್ನೊಂದು ಪಂಜರ ಕೊಂಡು ಮನೆ ಸೇರಿದ.

ಆಮೇಲಿನ ದಿನಗಳು ಅವನಿಗೆ ಹೇಗೆ ಕಳೆದವೋ ಅವನಿಗೇ ಗೊತ್ತು. ಅಂಗಡಿಯಲ್ಲಿ ಯಾವ ಬಟ್ಟೆ ಹಿಡಿದರೂ ಅದರಲ್ಲಿ ರಕ್ತ ಕಾಣುತ್ತಿತ್ತು. ಒಂದು ಬಿಳಿ ಕೋಟಿನ ಕಲೆಯನ್ನು ನಡುವಿನಿಂದ ಉಜ್ಜಿ ಹರಡಿಸಿಬಿಟ್ಟ, ಮಾಲೀಕರು ಬೈಯಲೂ ಮರೆತು ಅವನ ಮುಖ ನೋಡಿದರು. ಮನೆಗೆ ಬಂದವನು ಬೀಗ ತೆಗೆಯುವ ಮೊದಲು ಬಾಗಿಲಿಗೆ ಕಿವಿ ಕೊಡುತ್ತಿದ್ದ, ಒಳಗೆ ಎರಡು ಜೀವ ಇವೆಯೋ ಒಂದೋ ಎಂದು. ತೋಟದ ಕೆಲಸದವರು ಹಾಕುವಂಥ ದಪ್ಪ ಗ್ಲೌಸ್ ತೊಟ್ಟು ಮರಳು ಬದಲಿಸುತ್ತಿದ್ದ. ಸಾಹೇಬ ಗುಮಾಸ್ತನ ಮರಳು ಮೂಸಿದ ಕೂಡಲೇ ಕಾಲಿನಿಂದ ಕೆದರಿ ಹೊರಗೆ ಚೆಲ್ಲುತ್ತಿದ್ದ. ಗುಮಾಸ್ತ ಮೂಲೆಯಲ್ಲಿ ಮುದುರಿ ಕೂತು, ಗೂಡು ಸರಿಮಾಡುವುದನ್ನೂ ಬಿಟ್ಟಿದ್ದ. ಒಮ್ಮೆ ಇಬ್ಬರನ್ನೂ ಒಣಗಿದ ಬಚ್ಚಲುಮನೆಗೆ ಒಯ್ದು, ಎರಡು ಪೆಟ್ಟಿಗೆಗಳ ನಡುವೆ ಮೊರ ಹಿಡಿದು ಕೂತ. ಮುಚ್ಚಳ ತೆಗೆಯಲು ಕೈ ಬರಲಿಲ್ಲ. ಕೂತಲ್ಲೇ ಬೆವೆತು, ಹಾಗೆಯೇ ಎತ್ತಿಕೊಂಡು ವಾಪಸು ಬಂದ. ಹಾಡು ಎಂಬುದು ಆ ಮನೆಯಲ್ಲಿ ನಿಂತೇ ಹೋಗಿತ್ತು.

ಸುಳ್ಳು ಎಷ್ಟು ದಿನ ಬಾಳೀತು? ಒಂದು ಸಂಜೆ ಫೋನಿನಲ್ಲಿ ಹುಡುಗಿ, ಹಾಡ್ತಾ ಇದ್ದಾವೆ ಅಂದ್ರಲ್ಲ, ಫೋನ್ ಪಂಜರದ ಹತ್ತಿರ ಹಿಡಿಯಿರಿ, ಕೇಳಬೇಕು ಎಂದಳು. ಈಗ ಮಲಗಿವೆ ಎಂದರೆ ಆಗುತ್ತಿತ್ತು. ಆದರೆ ಹೆದರಿದವನಿಗೆ ಸುಳ್ಳು ಕೂಡ ಸಮಯಕ್ಕೆ ಒದಗುವುದಿಲ್ಲ. ನೊರೆಯಣ್ಣ ನಡೆದುಹೋಗಿ ಫೋನ್ ಹಿಡಿದ. ಅವನ ಹೆಜ್ಜೆಯ ಸದ್ದಿಗೋ ಏನೋ, ಸಾಹೇಬ ಆಚೆ ಪಂಜರದ ಕಡೆ ತಿರುಗಿ ಹಲ್ಲು ಕುಟ್ಟಿದ. ಕಟಕಟಕಟ. ಬಾಲದ ಪಟಪಟ. ನೊರೆಯಣ್ಣ ಫೋನನ್ನು ಕಿವಿಗೆ ತಂದ.

"ನಾಳೆ ಬರ್ತೀವಿ" ಎಂದು ಹುಡುಗಿ ಫೋನ್ ಇಟ್ಟಳು.

ಬಂದರು. ತಾಯಿ ಮಗಳಷ್ಟೇ ಅಲ್ಲ, ದೊಡ್ಡಮ್ಮನೂ ಬಂದಿದ್ದಳು, ತನ್ನದೇ ಕಾರಿನಲ್ಲಿ. ಕಾರಿನ ಹಿಂದಿನ ಸೀಟಿನಲ್ಲಿ ತೂತುಗಳಿದ್ದ ಎರಡು ಹೊಸ ಪೆಟ್ಟಿಗೆಗಳನ್ನು ನೊರೆಯಣ್ಣ ಕಿಟಕಿಯಿಂದಲೇ ಕಂಡ. ಹುಡುಗಿ ಚಪ್ಪಲಿ ಬಿಡದೆ ನೇರ ಒಳಗೆ ಹೋಗಿ, ಅಕ್ಕಪಕ್ಕದ ಎರಡು ಪಂಜರ ನೋಡಿದಳು, ಗುಮಾಸ್ತನ ಕಿವಿ ನೋಡಿದಳು, ಆಮೇಲೆ ನೊರೆಯಣ್ಣನ ಕೈಯ ಪಟ್ಟಿ ನೋಡಿದಳು. ಏನು ಮಾಡಿದಿರಿ ಎಂದು ಕೇಳಿದಳು. ಅವನು ಬಿಡದೆ ಎಲ್ಲ ಹೇಳಿದ. ಕುದಿನೀರು, ಔಷಧಿ, ಬ್ರಷ್ಷು, ಹೊಸ ಮರಳು, ಗುಮಾಸ್ತನ ಬೆನ್ನು, ಫೋನಿನ ಸುಳ್ಳುಗಳು. ಹೇಳುತ್ತಾ ಹೇಳುತ್ತಾ ದನಿ ಸಣ್ಣದಾಗಿ, ಕೊನೆಯ ಮಾತುಗಳು ಅವನಿಗೇ ಕೇಳಿಸಲಿಲ್ಲ.

ದೊಡ್ಡಮ್ಮ ತಲೆಯ ಮೇಲೆ ಕೈ ಹೊತ್ತಳು. ಇಂಥ ಬುದ್ಧಿವಂತಿಕೆ ಎಲ್ಲಾದರೂ ಉಂಟೇ, ಯಾರೂ ಹೇಳದೇ ಇದ್ದದ್ದನ್ನೆಲ್ಲ ಮುಟ್ಟಿ ತೊಳೆದು ಇಟ್ಟಿದ್ದಾರಲ್ಲ ಎಂದು ತಂಗಿಯ ಕಡೆ ತಿರುಗಿದಳು. ಹುಡುಗಿ ಆ ಮಾತಿಗೆ ಕಿವಿಗೊಡಲಿಲ್ಲ. ಡಾಕ್ಟರಮ್ಮ ಏನು ಹೇಳಿದರು ಎಂದು ಇನ್ನೊಮ್ಮೆ ಕೇಳಿ, ಗ್ಲೌಸ್ ತೊಟ್ಟು, ಎರಡೂ ಪ್ರಾಣಿಗಳನ್ನು ಒಂದೊಂದಾಗಿ ಬಚ್ಚಲುಮನೆಗೆ ಸಾಗಿಸಿದಳು. ಮೊರ ಹಿಡಿಯಲು ನೊರೆಯಣ್ಣನಿಗೆ ಸನ್ನೆ ಮಾಡಿದಳು. ಹೆಂಡತಿ, ದೊಡ್ಡಮ್ಮ ಬಾಗಿಲಲ್ಲಿ ನಿಂತರು.

ಈ ಸಲ ಮುಚ್ಚಳ ತೆರೆಯಿತು. ಸಾಹೇಬ ಹೊರಗೆ ಬಂದ, ಗುಮಾಸ್ತ ಬಂದ. ಮೂಗು ಚಾಚಿದರು. ಕೂದಲು ನಿಮಿರಿತು. ಇಬ್ಬರೂ ಎದ್ದು ನಿಂತು ನೂಕಾಡತೊಡಗಿದರು. ದೊಡ್ಡಮ್ಮ ಬಿಡಿಸಿ, ಬಿಡಿಸಿ ಎಂದು ಬಡಬಡಿಸಿದಳು. ಹುಡುಗಿಯ ಕೈ ತಾನಾಗಿ ಮುಂದೆ ಹೋಯಿತು. ನೊರೆಯಣ್ಣನಿಗೂ ಓಡಿಹೋಗಬೇಕು, ಕಿವಿ ಮುಚ್ಚಿಕೊಳ್ಳಬೇಕು ಎನಿಸುತ್ತಿತ್ತು. ಜೀವ ಬಾಯಿಗೆ ಬಂದಿತ್ತು. ಆದರೂ ಬಾಯಿಯಿಂದ ಹೊರಟದ್ದು ಒಂದು ಮಾತು.

"ತಾಳು."

ಆ ಹುಡುಗಿಗೆ ಅವನು ಹಾಗೆ ಹೇಳಿದ್ದು ಅದೇ ಮೊದಲು. ಹುಡುಗಿ ಕೈ ಹಿಂದೆಳೆದುಕೊಂಡಳು. ನೂಕಾಟ ನಡೆಯಿತು, ನಿಂತಿತು, ಗುಮಾಸ್ತ ತಲೆ ತಗ್ಗಿಸಿದ. ಸಾಹೇಬ ಅವನ ಕಿವಿಯ ಗಾಯದವರೆಗೆ ಮೂಗು ತಂದ. ಅಷ್ಟರಲ್ಲಿ ಏನಾಯಿತೋ, ಕಿವಿಗೆ ಹಚ್ಚಿದ ಔಷಧಿಯ ವಾಸನೆಯೇ ಇರಬೇಕು, ಸಾಹೇಬ ಹಾರಿ ಬಿದ್ದ. ಮತ್ತೆ ಅದೇ ಉಂಡೆ, ಅದೇ ಕಿರುಚಾಟ. ನೊರೆಯಣ್ಣ ಮೊರ ಇಳಿಸಿದ. ಇಬ್ಬರೂ ಬೇರೆಯಾದರು. ಗಾಯವೇನೂ ಆಗಿರಲಿಲ್ಲ, ಆದರೆ ಆಸೆ ಎಂಬುದೊಂದು ಇತ್ತಲ್ಲ, ಅದು ನೆಲಕಚ್ಚಿತ್ತು.

"ಸಾಕು" ಎಂದಳು ದೊಡ್ಡಮ್ಮ. "ಬಟ್ಟೆ, ಪುಸ್ತಕ ತಗೋ ಪುಟ್ಟಾ. ಇವನ್ನೂ ಕರ್ಕೊಂಡು ಹೋಗೋಣ. ಅಲ್ಲಿ ಎರಡಕ್ಕೂ ಬೇರೆ ಬೇರೆ ರೂಮೇ ಕೊಡ್ತೀನಿ."

ಹೆಂಡತಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ನೊರೆಯಣ್ಣನನ್ನೇ ನೋಡುತ್ತಿದ್ದಳು. ಏನಾದರೂ ಹೇಳಬೇಕೆಂದು ಅವನಿಗೂ ಗೊತ್ತಿತ್ತು. ಹೋಗಬೇಡ ಎನ್ನಬೇಕು. ಹಾಗೆನ್ನಲು ತಾನು ಯಾರು? ಅಂದರೆ ಅವಳು ಏನೆಂದಾಳೋ? ಕೊನೆಗೆ, "ಇನ್ನು ಮೇಲೆ ಏನೂ ತೊಳೆಯಲ್ಲ" ಎಂದ. ಅದಕ್ಕಿಂತ ದೊಡ್ಡ ಮಾತು ಅವನಿಗೆ ಹೊಳೆಯಲಿಲ್ಲ.

ಹುಡುಗಿ ಅವನ ಎದುರಿಗೆ ಬಂದು ನಿಂತು ಕೆಮ್ಮಿದಳು.

"ಒಗೆಯದೆ ಇರೋ ಬನಿಯನ್ ಇದೆಯಾ ನಿಮ್ಮದು?"

ಇಲ್ಲ ಎಂದ. ಅವಳು ಬರುತ್ತಾಳೆಂದು ಮನೆಯಲ್ಲಿದ್ದ ಬಟ್ಟೆಯನ್ನೆಲ್ಲ ನಿನ್ನೆಯೇ ಒಗೆದು ಮಡಿಸಿಟ್ಟಿದ್ದ.

"ಮೈಮೇಲೆ ಇರೋದು?"

ನೊರೆಯಣ್ಣ ತಬ್ಬಿಬ್ಬಾಗಿ ಎದೆ ಮುಟ್ಟಿಕೊಂಡ. ಬೆಳಗಿನಿಂದ ಬೆವೆತು ಬೆವೆತು ಅದು ಮೈಗೆ ಅಂಟಿತ್ತು. ಇದು ನಾರುತ್ತೆ ಎಂದ.

"ನಾರಲಿ. ಎರಡೂ ಪಂಜರದಲ್ಲಿ ಒಂದೇ ವಾಸನೆ ಇರಬೇಕು. ನಂದು ಹಾಕಿದ್ರೆ ನನಗೋಸ್ಕರ ಕಿತ್ತಾಡ್ತವೆ. ಈ ಮನೆ ವಾಸನೆ ಬೇಕು. ಬಿಚ್ಚಿಕೊಡಿ."

ಅವನು ಬಾಗಿಲ ಹಿಂದೆ ಸರಿದು, ಅಂಗಿ ಕಳಚಿ, ಬನಿಯನ್ ಬಿಚ್ಚಿ, ಕೈ ಮಾತ್ರ ಹೊರಗೆ ಚಾಚಿ ಕೊಟ್ಟ. ಹುಡುಗಿ ತಾಯಿಯ ಕತ್ತರಿ ತರಿಸಿ ಅದನ್ನು ಎರಡು ಪಾಲು ಮಾಡಿದಳು. ಒಂದು ಸಾಹೇಬನ ಗೂಡಿಗೆ ಹೋಯಿತು, ಇನ್ನೊಂದು ಗುಮಾಸ್ತನ ಮೂಲೆಗೆ. ದಿನಾ ಒಂದು ಬೇಕು, ಒಗೆಯೋಕೆ ಹಾಕಬೇಡಿ ಎಂದು ಬಾಗಿಲ ಕಡೆ ಕೂಗಿ ಹೇಳಿದಳು.

ಎಷ್ಟು ದಿನ ಅಂತ ಹೀಗೆ ಎಂದು ದೊಡ್ಡಮ್ಮ ಕೇಳಿದಳು. ತಿಂಗಳುಗಟ್ಟಲೆ ಆಗುತ್ತಂತೆ, ಆಗದೆಯೂ ಇರಬಹುದಂತೆ.

"ಆಗ್ಲಿ ದೊಡ್ಡಮ್ಮ. ನಾನು ಇಲ್ಲೇ ಇರ್ತೀನಲ್ಲ."

ಬಾಗಿಲ ಹಿಂದೆ ನೊರೆಯಣ್ಣ ಬರಿಮೈಯಲ್ಲಿ ಗೋಡೆಗೆ ಆತು ನಿಂತಿದ್ದ. ಹೆಂಡತಿ ಹೊರಗೆ ಬನ್ನಿ ಎಂದು ಎರಡು ಸಲ ಕರೆದಳು. ಅವನಿಗೆ ಬರಲು ಹೆದರಿಕೆ, ಅಳುತ್ತಿರುವುದನ್ನು ಹುಡುಗಿ ನೋಡಿಬಿಟ್ಟರೆ ಎಂದು.